ನೀರಿನ ಹಾಸಿಗೆ ಖಾಲಿಯಾದ ಗುರುವಾರ

ಬೆಳಗಿನ ಒಂಬತ್ತಕ್ಕೇ ಲವೋನ್‌ಗೆ ಇಡೀ ದಿನ ದುಡಿದಷ್ಟು ಸುಸ್ತಾಗಿತ್ತು. ಕೆಲಸ ಇನ್ನೂ ಶುರುವೇ ಆಗಿರಲಿಲ್ಲ. ಕಾಫಿ ಲೋಟವನ್ನು ಎರಡೂ ಕೈಯಲ್ಲಿ ಹಿಡಿದು, ಮಲಗುವ ಕೋಣೆಯ ಬಾಗಿಲಲ್ಲಿ ನಿಂತು, ಅವಳು ಹಾಸಿಗೆಯನ್ನು ನೋಡುತ್ತಿದ್ದಳು. ಹೊದಿಕೆ, ಮೇಲುಹಾಸು ಎಲ್ಲ ತೆಗೆದ ಮೇಲೆ ಅದು ಹಾಸಿಗೆಯ ಹಾಗೆ ಕಾಣುತ್ತಿರಲಿಲ್ಲ. ಮರದ ಚೌಕಟ್ಟಿನೊಳಗೆ ಯಾವುದೋ ದೊಡ್ಡ ನೀಲಿ ಪ್ರಾಣಿ ಉಸಿರಾಡುತ್ತ ಮಲಗಿದ ಹಾಗಿತ್ತು. ಮೊಣಕಾಲು ತಾಗಿದರೆ ಸಾಕು, ಈ ತುದಿಯಿಂದ ಆ ತುದಿಗೆ ಒಂದು ಅಲೆ ಹೋಗಿ ಬರುತ್ತಿತ್ತು.

ನೂರ ಎಂಬತ್ತು ಗ್ಯಾಲನ್ ನೀರು. ಅಷ್ಟನ್ನೂ ಮಧ್ಯಾಹ್ನ ಒಂದು ಗಂಟೆಯೊಳಗೆ ಮನೆಯಿಂದ ಹೊರಗೆ ಹಾಕಬೇಕು.

ಮೂವತ್ತೆಂಟು ವರ್ಷದ ಕೆಳಗೆ, ಗಣಿಯಲ್ಲಿ ಲಾರಿ ಓಡಿಸಿ ಓಡಿಸಿ ಗಂಡ ರೈನೊನ ಸೊಂಟ ಹಿಡಿದುಕೊಂಡಾಗ, ಅವರು ಈ ನೀರಿನ ಹಾಸಿಗೆ ಕೊಂಡಿದ್ದರು. ಆಗ ಊರಿಗೆ ಊರೇ ಅದರ ಹುಚ್ಚು ಹತ್ತಿಸಿಕೊಂಡಿತ್ತು. ಉಳಿದವರೆಲ್ಲ ಐದಾರು ವರ್ಷಕ್ಕೆ ಬೇಸತ್ತು ಕಿತ್ತೆಸೆದರು. ರೈನೊ ಬಿಡಲಿಲ್ಲ. ಅಡಿಯಲ್ಲಿ ಹೀಟರ್ ಇತ್ತು. ಹೆಪ್ಪುಗಟ್ಟಿದ ಕೆರೆ ಬಿರುಕು ಬಿಡುವ ಸದ್ದು ಕೇಳುವಂಥ ಚಳಿಯಲ್ಲೂ ಅದು ಬೆಚ್ಚಗಿರುತ್ತಿತ್ತು. ಅವನು ಮಗ್ಗುಲು ಬದಲಿಸಿದರೆ ಅವಳು ತೇಲಿ ಇಳಿಯುತ್ತಿದ್ದಳು. ಅವಳು ನೀರು ಕುಡಿಯಲು ಎದ್ದರೆ ಅವನಿಗೆ ಎಚ್ಚರವಾಗುತ್ತಿತ್ತು. ಮೊದಲ ತಿಂಗಳು ಅವಳಿಗೆ ಹೊಟ್ಟೆ ತೊಳಸುತ್ತಿತ್ತು. ಆಮೇಲೆ ನೆಂಟರ ಮನೆಯ ಗಟ್ಟಿ ಹಾಸಿಗೆಯಲ್ಲಿ ನಿದ್ದೆ ಬರುವುದೇ ನಿಂತುಹೋಯಿತು.

ನವೆಂಬರಿನಲ್ಲಿ ದೋಣಿ ಇಳಿಸುವ ಜಾಗದಲ್ಲಿ, ಇನ್ನೂ ಗಟ್ಟಿಯಾಗದ ಮಂಜುಗಡ್ಡೆಯ ಮೇಲೆ ರೈನೊ ಜಾರಿ ಬಿದ್ದ. ಸೊಂಟದ ಕೀಲು ಮುರಿಯಿತು. ಆಪರೇಷನ್ ಆಯಿತು, ಆರೈಕೆ ಮನೆಯಲ್ಲಿ ಆರು ವಾರ ಕಳೆದವು. ಅಲ್ಲಿಯ ಹೆಂಗಸು ಸೋಮವಾರ ಫೋನು ಮಾಡಿ ಹೇಳಿದ್ದಳು: "ನೋಡಿ ಮಿಸೆಸ್ ಹೌಟಲ, ನಿಮ್ಮ ನೀರಿನ ಹಾಸಿಗೆ ಮೇಲೆ ಅವರನ್ನ ಮಲಗಿಸೋ ಹಾಗಿಲ್ಲ. ಎತ್ತರಿಸೋ ಇಳಿಸೋ ಮಂಚ ಬೇಕು. ಅದನ್ನ ತರೋ ಲಾರಿ ನಿಮ್ಮ ಕಡೆ ಗುರುವಾರ ಮಾತ್ರ ಬರುತ್ತೆ. ಮಂಚ ಇದ್ದು, ದಾರಿ ಸರಿ ಇದ್ರೆ ಅವತ್ತೇ ಸಂಜೆ ವ್ಯಾನಲ್ಲಿ ಕಳಿಸ್ತೀವಿ. ಇಲ್ದಿದ್ರೆ, ಇಲ್ಲಿ ಇರೋಕೆ ಅವರಿಗೆ ಕೊಟ್ಟ ದಿನ ಮುಗೀತು. ಶುಕ್ರವಾರ ಕೆಳಗಿನ ಊರಿನ ವೃದ್ಧರ ಹೋಮ್‌ಗೆ ಹಾಕ್ಬೇಕಾಗುತ್ತೆ."

ಕೆಳಗಿನ ಊರು ತೊಂಬತ್ತು ಮೈಲಿ ದೂರ. ಲವೋನ್‌ಗೆ ಕಣ್ಣಲ್ಲಿ ಪೊರೆ ಬಂದು, ಹಿಮ ಬಿದ್ದ ರಸ್ತೆಯಲ್ಲಿ ಅಂಗಡಿ ದಾಟಿ ಕಾರು ಓಡಿಸುವುದನ್ನು ಅವಳು ಬಿಟ್ಟು ಎರಡು ವರ್ಷವಾಗಿತ್ತು. ಅಂಥ ಹೋಮಿಗೆ ಹೋದವರಲ್ಲಿ ವಾಪಸು ಬಂದ ಒಬ್ಬರನ್ನೂ ಅವಳು ಕಂಡಿರಲಿಲ್ಲ.

ಸೋಮವಾರವೇ ಖಾಲಿ ಮಾಡಬಹುದಿತ್ತು. ಮಂಗಳವಾರ ಮಾಡಬಹುದಿತ್ತು. ಅವಳು ಮಾಡಲಿಲ್ಲ, ಬುಧವಾರ ರಾತ್ರಿಯೂ ಅದರ ಮೇಲೇ ಮಲಗಿದಳು. ರೈನೊಗೆ ಹೇಳಿರಲೂ ಇಲ್ಲ. ಪ್ರತಿ ಭೇಟಿಯಲ್ಲೂ ಅವನು ಹೇಳುವುದು ಒಂದೇ ಮಾತು: "ನನ್ನ ಹಾಸಿಗೆ ಮೇಲೆ ಒಂದು ರಾತ್ರಿ ಮಲಗಿದ್ರೆ ಸಾಕು ಕಣೇ, ಎದ್ದು ಓಡಾಡ್ತೀನಿ." ಆ ಬಾಯಿಗೆ ಎದುರು ನಿಂತು ಯಾವ ಮಾತು ಹೇಳುವುದು?

ಬಚ್ಚಲಿಗೆ ಬಿಡುವ ಹಾಗಿರಲಿಲ್ಲ. ಈ ವರ್ಷ ಹಿಮ ಬೀಳುವ ಮೊದಲೇ ಚಳಿ ಇಳಿದು, ಹಿಮದ ಹೊದಿಕೆಯಿಲ್ಲದ ನೆಲದಲ್ಲಿ ಸೆಪ್ಟಿಕ್ ಕೊಳವೆ ಒಮ್ಮೆ ಹೆಪ್ಪುಗಟ್ಟಿ ಕಟ್ಟಿಹೋಗಿತ್ತು. ಬಿಸಿ ಹಾಯಿಸಿ ಬಿಡಿಸಿದವನು, "ದಿನಕ್ಕೆ ಎರಡು ಸ್ನಾನ, ಅಷ್ಟೆ. ಹೆಚ್ಚಿಗೆ ನೀರು ಬಿಟ್ರೆ ನನ್ನನ್ನ ಕರೀಬೇಡಿ" ಎಂದು ಹೇಳಿ ಹೋಗಿದ್ದ. ಮೇಲಾಗಿ ಹಾಸಿಗೆಯ ನೀರು ಪಾಚಿ ಕಟ್ಟದ ಹಾಗೆ ಮದ್ದು ಹಾಕಿದ ನೀರು. ಕಿಟಕಿಯೊಂದೇ ದಾರಿ. ಕಿಟಕಿಗೆ ಏರಿಸಲು ರೈನೊನ ಪಂಪು ಬೇಕು. ಪಂಪು ಎಲ್ಲಿದೆಯೋ ಅವಳಿಗೆ ಗೊತ್ತಿಲ್ಲ.

ಕೊನೆಗೆ ಫೋನು ಮಾಡಿದಳು.

"ರೈನೊ, ನಿನ್ನ ಪಂಪು ಎಲ್ಲಿಟ್ಟಿದ್ದೀಯ?"

"ಯಾವ್ದು?"

"ಅದೇ, ಡ್ರಿಲ್ಲಿಗೆ ಸಿಗಿಸೋದು."

ಅವನು ಆ ಕಡೆ ಟೀವಿಯ ಸದ್ದು ತಗ್ಗಿಸಿದ. ಆಮೇಲೆ, "ಯಾಕೆ?" ಎಂದ.

"ಸೌನಾ ಡ್ರಮ್ಮಿನ ನೀರು ತೆಗೀಬೇಕು. ಹೆಪ್ಪುಗಟ್ಟಿ ಡ್ರಮ್ಮು ಸೀಳಿಬಿಟ್ರೆ?" ಸೌನಾ ಎಂದರೆ ಹಿತ್ತಲಲ್ಲಿ ಸೌದೆ ಒಲೆ ಉರಿಸಿ ಬೆವರಿ ಮೀಯುವ ಗುಡಿಸಲು. ಸುಳ್ಳು ಎಷ್ಟು ಸಲೀಸಾಗಿ ಬಂತೆಂದು ಅವಳಿಗೇ ನಾಚಿಕೆಯಾಯಿತು.

"ನಾನು ಬಿದ್ದಾಗಿಂದ ಸೌನಾಗೆ ಬೆಂಕಿ ಹಾಕಿಲ್ಲ ಅಂತ ನೀನೇ ಅಂದಿದ್ದೆ. ಇಷ್ಟೊತ್ತಿಗೆ ಅದು ಕಲ್ಲಾಗಿರ್ಬೇಕಲ್ಲ."

"ಹೀಟರ್ ಇಟ್ಟಿದ್ದೆ."

"ಹ್ಞಾಂ," ಎಂದ ರೈನೊ. ಆಮೇಲೆ ಅವನ ದನಿ ಕೆಲಸದ ದನಿಯಾಯಿತು. "ನೆಲಮಾಳಿಗೇಲಿ, ಕೆಂಪು ಕಾಫಿ ಡಬ್ಬಿ ಇದೆಯಲ್ಲ, ಅದರೊಳಗೆ. ಕಾಲುಚೀಲದಲ್ಲಿ ಸುತ್ತಿಟ್ಟಿದ್ದೀನಿ. ಒಳಗಿರೋ ರಬ್ಬರ್ ರೆಕ್ಕೆ ಒಣಗಿರುತ್ತೆ. ಒಣಗಿದ್ದಾಗ ತಿರುಗಿಸಿದ್ರೆ ಹರಿದುಹೋಗುತ್ತೆ. ಮೊದ್ಲು ಅದಕ್ಕೆ ಒಂದು ಲೋಟ ನೀರು ಕುಡಿಸು."

"ಕುಡಿಸ್ತೀನಿ."

"ಮಧ್ಯದ ಕಡ್ಡೀನ ಡ್ರಿಲ್ಲಿನ ಬಾಯಿಗೆ ಬಿಗಿಯಾಗಿ ಕಚ್ಚಿಸು. ಪಂಪನ್ನ ಇನ್ನೊಂದು ಕೈಲಿ ಹಿಡ್ಕೋ, ಇಲ್ದಿದ್ರೆ ಅದೂ ಬುಗುರಿ ಥರ ತಿರುಗುತ್ತೆ. ಐದು ನಿಮಿಷ ಓಡಿಸು, ಎರಡು ನಿಮಿಷ ಬಿಡು. ಡ್ರಿಲ್ಲಿನ ಮೈ ಮುಟ್ಟಿ ನೋಡ್ತಾ ಇರು. ಕಾಫಿ ಲೋಟದಷ್ಟು ಬಿಸಿ ಅನ್ಸಿದ್ರೆ ನಿಲ್ಸಿಬಿಡು. ನಿನಗೆ ಅವಸರ ಜಾಸ್ತಿ."

"ನನಗೆ ಅವಸರ! ಹೇಳೋರು ಯಾರು ನೋಡು. ಗಡ್ಡೆ ಗಟ್ಟಿಯಾಗೋಕೆ ಮೊದ್ಲೇ ಕೆರೆಗೆ ಇಳಿದೋರು ಯಾರಪ್ಪ?"

ಅವನು ನಕ್ಕ, ಕೆಮ್ಮಿದ. ಫೋನು ಇಡುವ ಮೊದಲು ಇನ್ನೊಂದು ಮಾತು ಹೇಳಿದ.

"ಲವೋನ್, ಕೊನೆಕೊನೆಗೆ ಮೂಲೇಲಿ ಒಂದಿಷ್ಟು ನೀರು ಉಳ್ಕೊಂಡುಬಿಡುತ್ತೆ. ಆಗ ಕಾಲಿನ ಕಡೆಯಿಂದ ಸುತ್ಕೊಂಡು ಬಾ, ತಲೆ ಕಡೆಗೆ. ಒಬ್ಳೇ ಎತ್ತಬೇಡ. ಆರ್ವಿಡ್‌ನ ಕರಿ."

"ಸರಿ," ಎಂದು ಅವಳು ಫೋನು ಇಟ್ಟಳು. ನೆಲಮಾಳಿಗೆಯ ಅರ್ಧ ಮೆಟ್ಟಿಲು ಇಳಿದ ಮೇಲೆ ಅವಳ ಕಾಲು ನಿಂತಿತು. ಸೌನಾ ಡ್ರಮ್ಮಿಗೆ ಕಾಲಿನ ಕಡೆ, ತಲೆ ಕಡೆ ಎಲ್ಲಿಂದ ಬರಬೇಕು?

ಅಲ್ಲೇ ಮೆಟ್ಟಿಲ ಮೇಲೆ ಕುಳಿತಳು. ಅವನಿಗೆ ಗೊತ್ತಿತ್ತು. ಗೊತ್ತಿದ್ದೂ ಪಂಪಿಗೆ ನೀರು ಕುಡಿಸುವುದು ಹೇಗೆಂದು ಹೇಳಿಕೊಟ್ಟ.

ಕಾಫಿ ಡಬ್ಬಿ ಹೇಳಿದ ಜಾಗದಲ್ಲೇ ಇತ್ತು. ಪಂಪು ಅಂಗೈಯಗಲ, ಪ್ಲಾಸ್ಟಿಕ್ಕಿನದು. ಒಂದು ಬಾಯಿ ಹೀರಲು, ಇನ್ನೊಂದು ಉಗುಳಲು. ಈ ಸಣ್ಣ ವಸ್ತುವನ್ನು ಇಟ್ಟುಕೊಂಡು ರೈನೊ ಇಡೀ ಮನೆಯ ನೀರನ್ನು ಓಡಾಡಿಸುತ್ತಿದ್ದ. ಬಟ್ಟೆ ತೊಳೆದ ನೀರು ಟೊಮೇಟೊ ಗಿಡಕ್ಕೆ, ಮಳೆಪೀಪಾಯಿಯ ನೀರು ಸೌನಾಕ್ಕೆ, ನೆಲಮಾಳಿಗೆಯಲ್ಲಿ ಒಸರಿದ ನೀರು ಗಾಳಕ್ಕೆ ಸಿಕ್ಕಿಸುವ ಮರಿಮೀನಿನ ತೊಟ್ಟಿಗೆ. ಒಂದು ಕಡೆ ಸುಮ್ಮನೆ ನಿಂತ ನೀರನ್ನು ಕಂಡರೆ ಅವನ ಕೈ ತುರಿಸುತ್ತಿತ್ತು. ಆ ಡ್ರಿಲ್ಲಿನ ಗುಂಯ್‌ಗುಡುವಿಕೆಗೆ ಅವಳು ಎಷ್ಟು ಸಲ ಬೈದಿದ್ದಳೋ ಲೆಕ್ಕವಿಲ್ಲ. ಒಮ್ಮೆಯೂ ತಾನು ಹಿಡಿದು ನೋಡಿರಲಿಲ್ಲ.

ಆರ್ವಿಡ್ ರೈನೊನ ತಮ್ಮ, ಪಕ್ಕದ ಮನೆಯವನು, ಹೆಂಡತಿ ತೀರಿಹೋದ ಅರವತ್ತೆಂಟರ ಒಂಟಿಯಾಳು. ಎರಡು ಪೈಪಿನ ಸುರುಳಿಗಳನ್ನು ಹೆಗಲಿಗೆ ಹಾಕಿಕೊಂಡು ಬಂದ. ಬಾಗಿಲು ದಾಟುವಾಗಲೇ ಅವನ ಕಣ್ಣು ಹೊಳೆಯುತ್ತಿತ್ತು.

"ಲವೋನ್, ಆ ನೀರು ಎಷ್ಟು ಬಿಸಿ ಇದೆ?"

"ಮೈ ಬಿಸಿ ಇರುತ್ತಲ್ಲ, ಅಷ್ಟು. ಯಾಕೆ?"

"ಹಂಗಾದ್ರೆ ಅದನ್ನ ಸುಮ್ನೆ ಚೆಲ್ಲಬೇಡ. ನನ್ನ ಹಿತ್ತಲಿಗೆ ಬಿಡು. ಮೊಮ್ಮಕ್ಕಳು ಸ್ಕೇಟಿಂಗ್ ಮಾಡೋಕೆ, ಐಸಲ್ಲಿ ಜಾರೋ ಅಂಗಳ ಮಾಡ್ತಿದ್ದೀನಿ. ತಣ್ಣೀರು ಹಾಕಿ ಹಾಕಿ ಬರೀ ಉಬ್ಬುತಗ್ಗು ಆಗಿದೆ. ಬೆಚ್ಚಗಿನ ನೀರು ಹಾಕಿದ್ರೆ ಗಾಜಿನ ಥರ ಕೂರುತ್ತೆ."

"ಅಲ್ಲೀವರೆಗೆ ಪೈಪು ಎಲ್ಲಿಂದ ತರ್ತೀಯ?"

"ಎರಡು ಜೋಡಿಸಿದ್ರೆ ಸಾಲುತ್ತೆ. ಮುಂಬಾಗಿಲ ದಾರಿ ದಾಟಿಸಿ, ಬೇಲಿ ಸಂದಿಲಿ ಹಾಯಿಸ್ತೀನಿ."

"ನಿಮ್ಮಣ್ಣ ಮನೆಗೆ ಬರ್ತಾನಾ ಇಲ್ವಾ ಅನ್ನೋ ಯೋಚನೆ ನನಗೆ. ನಿನಗೆ ನಿನ್ನ ಅಂಗಳದ ಯೋಚನೆ."

"ಬರೋನು ಬಂದೇ ಬರ್ತಾನೆ. ನೀರು ಎಲ್ಲಾದ್ರೂ ಹೋಗ್ಲೇಬೇಕಲ್ಲ? ಒಳ್ಳೇ ಕಡೆ ಹೋಗ್ಲಿ ಬಿಡು," ಎಂದು ಆರ್ವಿಡ್ ಆಗಲೇ ಕಿಟಕಿ ಎತ್ತುತ್ತಿದ್ದ. ವಾದ ಮಾಡುವ ತ್ರಾಣ ಅವಳಲ್ಲಿರಲಿಲ್ಲ. "ಪಂಪು ಯಾಕೆ, ಹಂಗೇ ಹೀರಿ ಬಿಟ್ರೆ ಇಳಿಯುತ್ತಲ್ಲ?" ಎಂದು ಕೇಳಿ ನೋಡಿದಳು. "ಈ ಚಳೀಲಾ? ನಿಧಾನಕ್ಕೆ ಹೋಗೋ ನೀರು ಪೈಪಲ್ಲೇ ಕೂತುಬಿಡುತ್ತೆ. ಹಿಂದಿನಿಂದ ಒದ್ದು ಕಳಿಸ್ಬೇಕು ಅದನ್ನ," ಎಂದ. ಹೊರಗೆ ಸೊನ್ನೆಗಿಂತ ಇಪ್ಪತ್ತು ಡಿಗ್ರಿ ಕೆಳಗಿತ್ತು.

ಕಿಟಕಿಯ ಸಂದಿಗೆ ಟವೆಲು ತುರುಕಿ, ಹಾಸಿಗೆಯ ಬಿರಡೆ ತೆಗೆದು ಪೈಪು ಇಳಿಸಿದರು. ಲವೋನ್ ಪಂಪಿಗೆ ನೀರು ಕುಡಿಸಿ, ಡ್ರಿಲ್ಲಿಗೆ ಕಚ್ಚಿಸಿ, ಒತ್ತಿದಳು. ಗುಂಯ್ ಎಂದಿತು. ಆರ್ವಿಡ್ ಹೊರಗಿನಿಂದ, "ಏನೂ ಬರ್ತಿಲ್ಲ!" ಎಂದು ಕೂಗಿದ. ಇನ್ನೂ ಜೋರಾಗಿ ಒತ್ತಿದಳು. ಹಾಸಿಗೆಯ ಹೊಟ್ಟೆಯೊಳಗೆ ಬುಳುಬುಳು ಸದ್ದಾಗಿ, ನೋಡನೋಡುತ್ತ ಮಧ್ಯದಲ್ಲಿ ಒಂದು ಉಬ್ಬು ಎದ್ದಿತು. ಆರ್ವಿಡ್ ಒಳಗೆ ಬಂದು ನೋಡಿ ಬಾಗಿಲಿಗೆ ಒರಗಿ ನಕ್ಕುಬಿಟ್ಟ.

"ಉಲ್ಟಾ ತಿರುಗಿಸ್ತಿದ್ದೀಯಲ್ಲೇ! ನೀರು ತೆಗಿ ಅಂದ್ರೆ ಗಾಳಿ ತುಂಬ್ತಿದ್ದೀಯ. ಇನ್ನೊಂದು ಸ್ವಲ್ಪ ಹೊತ್ತು ಹಿಂಗೇ ಮಾಡಿದ್ರೆ ಮನೆ ಹಾರುತ್ತೆ."

"ನೀನೇನು ಒತ್ತಿ ನೋಡಿದ್ಯಾ? ನಗೋಕೆ ಮಾತ್ರ ಮುಂದೆ."

ಡ್ರಿಲ್ಲಿನ ಪಕ್ಕದ ಗುಂಡಿ ಆಚೆಗೆ ತಳ್ಳಿದ ಮೇಲೆ ಪೈಪು ಒಮ್ಮೆ ನಡುಗಿ ಭಾರವಾಯಿತು. ನೀರು ಹೊರಟಿತು.

ಆಮೇಲೆ ಎರಡೂವರೆ ಗಂಟೆ ಅವಳು ಎದ್ದದ್ದು ಬ್ಯಾಟರಿ ಬದಲಿಸಲು ಮಾತ್ರ. ಐದು ನಿಮಿಷ ಓಟ, ಎರಡು ನಿಮಿಷ ಬಿಡುವು. ಶಾಲೆಯ ಅಡುಗೆಮನೆಯಲ್ಲಿ ಇಪ್ಪತ್ತೊಂಬತ್ತು ವರ್ಷ ಸೌಟು ತಿರುವಿದ ಬೆರಳುಗಳು. ಮೂರನೆಯ ಸುತ್ತಿಗೇ ಮಡಚಲು ಒಪ್ಪಲಿಲ್ಲ. ತಲೆಗೂದಲಿಗೆ ಕಟ್ಟುವ ರಬ್ಬರನ್ನು ಗುಂಡಿಯ ಮೇಲೆ ಬಿಗಿದು, ಡ್ರಿಲ್ಲನ್ನು ತೊಡೆಯ ಮೇಲಿಟ್ಟುಕೊಂಡು ಕುಳಿತಳು. ನಡುಕ ಮೊಣಕೈ ಹತ್ತಿ, ಹೆಗಲು ಹತ್ತಿ, ಹಲ್ಲಿಗೆ ಬಂತು. ನೀಲಿ ಪ್ರಾಣಿ ನಿಧಾನವಾಗಿ ಬಡವಾಗುತ್ತಿತ್ತು. ಮೊದಲು ಅಲೆ ನಿಂತಿತು. ಆಮೇಲೆ ಹೊಟ್ಟೆ ಇಳಿಯಿತು. ರೈನೊ ಮಲಗುವ ಕಡೆ ಒಂದು ಗುಳಿ, ಅವಳ ಕಡೆ ಒಂದು ಗುಳಿ ಬಿತ್ತು. ಇಷ್ಟು ವರ್ಷ ನೀರಿನಡಿ ಆ ಗುರುತುಗಳು ಎಲ್ಲಿ ಅಡಗಿದ್ದವೋ.

ಹನ್ನೊಂದೂವರೆಯ ಸುಮಾರಿಗೆ ಕಿಟಕಿಯಾಚೆ ನೋಡಿದಾಗ, ಎರಡು ಪೈಪು ಸೇರುವ ಕಡೆ, ಗಾಲಿಕುರ್ಚಿಗೆಂದು ಮುಂಬಾಗಿಲಿಗೆ ಹಾಕಿಸಿದ್ದ ಇಳಿಜಾರು ಹಲಗೆಯ ನಡುಮಧ್ಯೆ, ಬಿಳಿ ಹಬೆ ಏಳುತ್ತಿರುವುದು ಕಂಡಿತು. ಜೋಡಣೆಯಲ್ಲಿ ಹನಿಯುತ್ತಿದೆ ಎಂದು ಅವಳಿಗೆ ಗೊತ್ತಾಯಿತು. ಹೋಗಿ ಬಿಗಿ ಮಾಡಬೇಕು. ಅದಕ್ಕೆ ಡ್ರಿಲ್ಲು ನಿಲ್ಲಿಸಬೇಕು, ಬೂಟು ಹಾಕಬೇಕು, ಕೋಟು, ಟೊಪ್ಪಿಗೆ, ಎರಡು ಜೊತೆ ಕೈಗವಸು. ಆರ್ವಿಡ್ ಅವನ ಅಂಗಳದ ಆ ಕೊನೆಯಲ್ಲಿ ಬೆನ್ನು ಹಾಕಿ ನಿಂತಿದ್ದ. ಕೂಗಿದರೆ ಕೇಳುವ ಕಿವಿ ಅವನದಲ್ಲ. 'ಹನಿ ತಾನೇ, ಆಮೇಲೆ ನೋಡೋಣ' ಎಂದುಕೊಂಡಳು. ಕಣ್ಣು ಮುಚ್ಚಿದಳು. ಆ ಹೊತ್ತಿಗೆ ಅವಳಿಗೆ ಬೇಕಾಗಿದ್ದುದು ಎರಡು ನಿಮಿಷದ ಕತ್ತಲು.

ಹನ್ನೆರಡೂವರೆಗೆ ಪಂಪು ಗೊರಗೊರ ಎಂದು ಗಾಳಿ ಕುಡಿಯತೊಡಗಿತು. ಹಿಂಬಾಗಿಲಿನಿಂದ ಕೈಬೀಸಿ ಆರ್ವಿಡ್‌ನನ್ನು ಕರೆದು, ಇಬ್ಬರೂ ಕಾಲಿನ ಕಡೆಯಿಂದ ಸುತ್ತಿಕೊಂಡು ತಲೆಯ ಕಡೆಗೆ ಬಂದರು, ರೈನೊ ಹೇಳಿದ ಹಾಗೆಯೇ. ಮೂಲೆಯ ನೀರೂ ಹೋಯಿತು. ಪೈಪಿನೊಳಗಿನದು ಹೆಪ್ಪುಗಟ್ಟುವ ಮೊದಲು ಆರ್ವಿಡ್ ಹಿಂಬಾಗಿಲಿನಿಂದ ಅವನ ಮನೆಗೆ ಓಡಿ, ಅಲ್ಲಿಂದಲೇ ಪೈಪನ್ನು ಸರಸರ ಎಳೆದುಕೊಂಡ. ಅಂಗಳ ನಯ ಮಾಡುವ ಆತುರ ಅವನಿಗೆ.

ಮಂಚದ ಲಾರಿ ಒಂದಕ್ಕೆ ಸರಿಯಾಗಿ ಬಂತು. ತಂದವರು ಹಳೆಯ ಚೌಕಟ್ಟು ಬಿಚ್ಚಿ ಗೋಡೆಗೆ ಒರಗಿಸಿ, ಬಿಡಿಭಾಗಗಳನ್ನು ಹಿಂದಿನ ಗ್ಯಾರೇಜಿನ ಕಡಿದಾದ ಮೆಟ್ಟಿಲು ಹತ್ತಿಸಿ ಒಳಗೆ ಹೊತ್ತು, ಅರ್ಧ ಗಂಟೆಯಲ್ಲಿ ಜೋಡಿಸಿ, ಕಾಫಿಯನ್ನೂ ಬೇಡವೆಂದು ಹೋದರು. ಕಬ್ಬಿಣದ ಮಂಚ, ಒಬ್ಬರಿಗೆ ಮಾತ್ರ. ಅದರ ಪಕ್ಕದಲ್ಲಿ ಅವಳು ಅಡುಗೆಮನೆಯ ಕುರ್ಚಿಯೊಂದನ್ನು ಇಟ್ಟಳು. ಕೋಣೆ ಒಮ್ಮೆಲೇ ದೊಡ್ಡದಾಗಿ, ಬೇರೆ ಯಾರದೋ ಮನೆಯ ಹಾಗೆ ಕಂಡಿತು. ಆದರೂ ಮಂಚ ಬಂತು. ಇನ್ನು ಅವನು ಬರುವುದೊಂದೇ ಬಾಕಿ. ಗೋಡೆಗೆ ತಲೆಯೊರಗಿಸಿದವಳಿಗೆ ಕುಳಿತಲ್ಲೇ ನಿದ್ದೆ ಹತ್ತಿತು.

ಎಬ್ಬಿಸಿದ್ದು ಹಾರ್ನಿನ ಸದ್ದು. ಮೂರೂವರೆ. ಮುಂಬಾಗಿಲು ತೆರೆದಾಗ, ವ್ಯಾನು ಓಡಿಸಿಕೊಂಡು ಬಂದ ಹೆಂಗಸು ಶೆಲ್ಬಿ, ರಸ್ತೆಯಂಚಿನ ಅಂಚೆಡಬ್ಬಿಯ ಕಂಬವನ್ನು ತಬ್ಬಿಕೊಂಡು ನಿಂತಿದ್ದಳು.

"ಮಿಸೆಸ್ ಹೌಟಲ, ಇದೇನ್ರೀ ಇದು?"

ರಸ್ತೆಯಂಚಿನಿಂದ ಇಳಿಜಾರು ಹಲಗೆಯ ಅರ್ಧದವರೆಗೆ ದಾರಿಯೇ ಇರಲಿಲ್ಲ. ಮಂಜುಗಡ್ಡೆ ಇತ್ತು. ಹನಿ ಎಂದುಕೊಂಡದ್ದು ಒಂದು ಗಂಟೆ ಕಾಲ ಸುರಿದು, ಹರಿದು, ಒಂದರ ಮೇಲೊಂದು ಪದರವಾಗಿ, ಅಂಗೈದಪ್ಪ ಗಟ್ಟಿಯಾಗಿ ಕುಳಿತಿತ್ತು. ಇಳಿಬಿಸಿಲಿಗೆ ಥಳಥಳ ಹೊಳೆಯುತ್ತಿತ್ತು. ಆರ್ವಿಡ್ ಅವನ ಅಂಗಳದಲ್ಲಿ ಬೇಕೆಂದ ಗಾಜು ಇಲ್ಲೇ ಆಗಿತ್ತು.

ಲವೋನ್ ಹೊಸ್ತಿಲಿಂದ ಆಚೆ ಕಾಲಿಡಲಿಲ್ಲ. ಗಂಡ ಸೊಂಟ ಮುರಿದುಕೊಂಡದ್ದು ಇಂಥದ್ದರ ಮೇಲೆಯೇ. ಈಗ ಅದನ್ನೇ ಅವನ ಬಾಗಿಲಿಗೆ ಹಾಸಿಟ್ಟವಳು ತಾನು. ಬೂಟು ಹಾಕಲು ಬೇಸರವಾಯಿತೆಂದು.

"ಗಾಲಿಕುರ್ಚಿ ಇದರ ಮೇಲೆ ನಾನು ತಳ್ಳಲ್ಲ," ಎಂದಳು ಶೆಲ್ಬಿ. ಅವಳ ದನಿಯಲ್ಲಿ ಕೋಪವಿರಲಿಲ್ಲ. ಬೆಳಗಿನಿಂದ ವ್ಯಾನು ಓಡಿಸಿದ ದಣಿವಿತ್ತು. "ದಾರಿ ಸರಿ ಇಲ್ದಿದ್ರೆ ವಾಪಸ್ ಕರ್ಕೊಂಡು ಹೋಗು ಅಂತ ನನಗೆ ಹೇಳಿದ್ದಾರೆ. ನಾನು ಮಾಡಿದ ನಿಯಮ ಅಲ್ಲ ಕಣ್ರೀ."

"ಹತ್ತು ನಿಮಿಷ ಕೊಡಮ್ಮ. ಬೂದಿ ಹಾಕ್ತೀನಿ."

ಸೌನಾದ ಒಲೆಯ ಬೂದಿ ಈ ಕಡೆಯ ಪ್ರತಿ ಮನೆಯ ಬಾಗಿಲಲ್ಲೂ ಡಬ್ಬಿ ತುಂಬ ಇರುತ್ತದೆ, ಜಾರುವ ದಾರಿಗೆ ಚೆಲ್ಲಲೆಂದೇ. ಲವೋನ್ ಡಬ್ಬಿ ಎತ್ತಿದಳು, ಹಗುರವಾಗಿತ್ತು. ಆರು ವಾರದಿಂದ ಒಲೆ ಹಚ್ಚಿಲ್ಲ; ಒಬ್ಬಳಿಗಾಗಿ ಯಾರು ಬೆಂಕಿ ಹಾಕುತ್ತಾರೆ? ತಳದಲ್ಲಿ ಎರಡು ಹಿಡಿ ಇತ್ತು. ಉಪ್ಪಿನ ಚೀಲ ಇತ್ತು, ಆದರೆ ಇಂಥ ಚಳಿಯಲ್ಲಿ ಉಪ್ಪು ಬೇಯಿಸಿದ ಮೊಟ್ಟೆಯ ಮೇಲೆ ಕೂತ ಹಾಗೆ ಸುಮ್ಮನೆ ಕೂರುತ್ತದೆ, ಕರಗಿಸುವುದಿಲ್ಲ. ಆ ಎರಡು ಹಿಡಿ ಬೂದಿಯನ್ನೇ ಚೆಲ್ಲಿ, ಖಾಲಿ ಡಬ್ಬಿ ಹಿಡಿದು ನಿಂತಳು. ಅಳು ಬರಲಿಲ್ಲ. ಅಳುವುದಕ್ಕೂ ಮೈಯಲ್ಲಿ ಸ್ವಲ್ಪ ಶಕ್ತಿ ಉಳಿದಿರಬೇಕು.

ವ್ಯಾನಿನ ಒಳಗಿನಿಂದ ರೈನೊನ ದನಿ ಬಂತು. "ಆರ್ವಿಡ್‌ನ ಕರಿಯೇ!"

ಕರೆಯುವ ಅಗತ್ಯವಿರಲಿಲ್ಲ. ಹಾರ್ನು ಕೇಳಿ ಆರ್ವಿಡ್ ಬೇಲಿಯ ಹತ್ತಿರ ಬಂದು, ದಾರಿ ನೋಡಿ, ಬಾಯಿ ತೆರೆದುಕೊಂಡೇ ನಿಂತಿದ್ದ.

"ಜೋಡಣೇಲಿ ವಾಶರ್ ಹಾಕಿದ್ಯೇನೋ?" ಎಂದು ರೈನೊ ವ್ಯಾನಿನಿಂದಲೇ ಕೇಳಿದ.

ಆರ್ವಿಡ್ ಟೊಪ್ಪಿಗೆ ತೆಗೆದು ತಲೆ ಕೆರೆದುಕೊಂಡ. "ವಾಶರ್... ಹುಡುಕಿದೆ, ಸಿಗಲಿಲ್ಲ."

"ಹನಿ ಬೀಳ್ತಿದ್ದಿದ್ದು ನಾನೂ ನೋಡಿದ್ದೆ," ಎಂದಳು ಲವೋನ್. "ಏಳೋಕೆ ಆಗಲಿಲ್ಲ, ರೈನೊ. ನನ್ನದೂ ತಪ್ಪು."

"ತಪ್ಪು ಆಮೇಲೆ ಹಂಚ್ಕೊಳ್ಳೋಣ. ನನಗೆ ಚಳಿ ಆಗ್ತಿದೆ. ಆರ್ವಿಡ್, ನಿನ್ನ ಸೌದೆ ಎಳೆಯೋ, ಗಾಲಿ ಇಲ್ಲದ ಹಲಗೆ ಗಾಡಿ ಎಲ್ಲಿದೆ? ಹೆಪ್ಪುಗಟ್ಟಿದ ಕೆರೆ ಮೇಲೆ ಮೀನು ಹಿಡಿಯೋ ಗುಡಿಸಲಿನ ಸಾಮಾನೆಲ್ಲ ಎಳೀತೀಯಲ್ಲ, ಅದು."

"ಗ್ಯಾರೇಜಲ್ಲಿದೆ."

"ಅದನ್ನ ತಾ. ಕಟ್ಟೋ ಪಟ್ಟಿ ತಾ. ನಿನ್ನ ಬೂದಿ ಡಬ್ಬೀನೂ ತಾ. ಗಾಲಿ ಜಾರುತ್ತೆ ಅಂದ್ರೆ ಗಾಲಿ ಬೇಡ. ಜಾರೋಕೇ ಅಂತ ಮಾಡಿರೋದನ್ನ ತಂದುಬಿಡು."

ಶೆಲ್ಬಿ ಒಬ್ಬೊಬ್ಬರ ಮುಖವನ್ನೂ ನೋಡಿದಳು. "ಅಣ್ಣಾ, ಗಾಲಿಕುರ್ಚೀನ ಸೌದೆ ಗಾಡಿ ಮೇಲೆ ಕಟ್ತೀರಾ?"

"ನಲವತ್ತು ವರ್ಷ ಗಣಿ ಲಾರೀಲಿ ಸಾಮಾನು ಕಟ್ಟಿದ್ದೀನಿ ಕಣಮ್ಮ. ಒಂದೂ ಬಿದ್ದಿಲ್ಲ. ನಾನೇ ಬಿದ್ದಿದ್ದು."

ಶೆಲ್ಬಿ ಕೈಗಡಿಯಾರ ನೋಡಿದಳು, ರಸ್ತೆಯ ಆ ತುದಿ ಈ ತುದಿ ನೋಡಿದಳು. ಆಮೇಲೆ ಕಾಗದ ಸಿಕ್ಕಿಸಿದ ಹಲಗೆಯನ್ನು ಲವೋನ್‌ಗೆ ಚಾಚಿದಳು. "ಇಲ್ಲಿ ಸಹಿ ಹಾಕಿ. ವ್ಯಾನಿಂದ ಇಳಿಸಿ ಮನೆಯವರಿಗೆ ಒಪ್ಪಿಸಿದೆ ಅಂತ. ಅಲ್ಲಿಗೆ ನನ್ನ ಕೆಲಸ ಮುಗೀತು. ಆಮೇಲೆ ನಾನು ದಾರೀಲಿ ಹೋಗ್ತಾ ಕೈ ಹಾಕಿದವಳು, ಅಷ್ಟೆ."

ಲವೋನ್ ಸಹಿ ಹಾಕಿದಳು. ಡ್ರಿಲ್ಲು ಹಿಡಿದ ಬೆರಳು ಇನ್ನೂ ಮಡಚದೆ ಹೆಸರು ಹಾವಿನ ಹಾಗೆ ಹರಿಯಿತು.

ಆರ್ವಿಡ್ ಗಾಡಿ ತಂದ. ಅದರ ಜೊತೆ ಎರಡು ಡಬ್ಬಿ ಬೂದಿ. ಅವನ ಸೌನಾ ದಿನ ಬಿಟ್ಟು ದಿನ ಉರಿಯುತ್ತಿತ್ತು. ವ್ಯಾನಿನಿಂದ ಕುರ್ಚಿ ಇಳಿಸುವ ಎತ್ತುಹಲಗೆಯನ್ನು ತಗ್ಗಿಸಿ, ಅದರ ಅಂಚಿಗೆ ಗಾಡಿಯನ್ನು ತಾಗಿಸಿ, ಕುರ್ಚಿಯನ್ನು ರೈನೊನ ಸಮೇತ ಗಾಡಿಯ ಮೇಲೆ ಉರುಳಿಸಿದರು. ನಾಲ್ಕು ಪಟ್ಟಿ ಬಿಗಿದರು. ಪ್ರತಿ ಪಟ್ಟಿಯನ್ನೂ ರೈನೊ ಎಳೆದು ನೋಡಿ, "ಎಡದ್ದು ಸಡಿಲ," ಎಂದ. ಅದನ್ನು ಮತ್ತೆ ಬಿಗಿದರು. ಕಾಲಿಡುವ ಕಡೆಗೆ ಮಾತ್ರ ಬೂದಿ ಚೆಲ್ಲಿ, ಗಾಡಿ ಹೋಗುವ ನಡುದಾರಿಯನ್ನು ಗಾಜಾಗಿಯೇ ಬಿಟ್ಟರು. ಆರ್ವಿಡ್ ಹಗ್ಗದ ತುದಿ ಹಿಡಿದು ಬಾಗಿಲೊಳಗೆ ಹೋಗಿ, ಒಣಗಿದ ಜಮಖಾನೆಯ ಮೇಲೆ ಕಾಲೂರಿ ನಿಂತ. ಲವೋನ್ ಒಂದು ಕಡೆ, ಶೆಲ್ಬಿ ಒಂದು ಕಡೆ ಕುರ್ಚಿಯ ಬೆನ್ನು ಹಿಡಿದರು.

"ಎಳಿ," ಎಂದ ರೈನೊ.

ಗಾಡಿ ಹೊರಟಿತು. ಮಟ್ಟಸವಾದ ದಾರಿ ಸುಲಭಕ್ಕೆ ಮುಗಿಯಿತು. ಇಳಿಜಾರು ಹಲಗೆಗೆ ಮೂಗು ಎತ್ತಿದಾಗ ಹಗ್ಗ ಬಿಗಿದು ನಿಂತಿತು. ಒಳಗಿನಿಂದ ಆರ್ವಿಡ್‌ನ ಏದುಸಿರು ಕೇಳುತ್ತಿತ್ತು. ಗಾಡಿ ಒಂದು ಮೊಳ ಹಿಂದಕ್ಕೆ ಜಾರಿತು. ಭಾರವೆಲ್ಲ ಲವೋನ್‌ಳ ಎದೆಗೆ ಬಂತು. ಬೂದಿಯ ಮೇಲೆ ಅವಳ ಬೂಟು ಕಚ್ಚಿ ನಿಂತಿತು. 'ಇಷ್ಟು ಮಾಡಿ ಇಲ್ಲಿ ಬಿಟ್ಟರೆ,' ಎಂದುಕೊಂಡಳು. ಆ ಯೋಚನೆಯನ್ನು ಮುಗಿಸಲಿಲ್ಲ. ಹೆಗಲು ಕೊಟ್ಟಳು. "ತಳ್ಳಿ, ಅಜ್ಜಿ, ತಳ್ಳಿ!" ಎಂದು ಶೆಲ್ಬಿ, 'ಮಿಸೆಸ್ ಹೌಟಲ' ಎನ್ನುವುದನ್ನು ಮರೆತು, ಕೂಗಿದಳು. ಗಾಡಿ ಒಮ್ಮೆ ಕಿರುಗುಟ್ಟಿ, ಮಂಜುಗಡ್ಡೆ ದಾಟಿ, ಒಣ ಹಲಗೆಗೆ ಹತ್ತಿ, ಹೊಸ್ತಿಲಿಗೆ ಬಂದು ತಾಗಿತು.

ಆರ್ವಿಡ್ ಜಮಖಾನೆಯ ಮೇಲೆ ಚಕ್ಕಂಬಕ್ಕಳ ಹಾಕಿ ಕುಳಿತುಬಿಟ್ಟ. "ನಿನ್ನ ಗಂಡ ಆ ಆರೈಕೆ ಮನೆ ಊಟಾನ ಬೈತಾ ಬೈತಾನೇ ತೂಕ ಹೆಚ್ಚಿಸ್ಕೊಂಡಿದ್ದಾನೆ," ಎಂದ.

ಶೆಲ್ಬಿ ಏಲಕ್ಕಿ ಬ್ರೆಡ್ಡಿನ ಎರಡು ಹೋಳು ಕಾಗದದಲ್ಲಿ ಸುತ್ತಿಸಿಕೊಂಡು ಹೋದಳು. ರೈನೊನನ್ನು ಮಂಚಕ್ಕೆ ದಾಟಿಸಿ, ದಿಂಬು ಕೊಟ್ಟು, ಆರ್ವಿಡ್ ಕೂಡ ಹೊರಟ. ದಾರಿಯ ಗಡ್ಡೆಯನ್ನು ಬೆಳಿಗ್ಗೆ ಹಾರೆಯಿಂದ ತಾನೇ ಒಡೆಯುವುದಾಗಿ ಮೂರು ಸಲ ಹೇಳಿ ಹೋದ.

ಲವೋನ್ ಅಡುಗೆಮನೆಯ ಕುರ್ಚಿಯಲ್ಲಿ ಕುಳಿತಳು. ರೈನೊ ತಲೆ ತಿರುಗಿಸಿ ಕೋಣೆ ನೋಡಿದ. ಗೋಡೆಗೆ ಒರಗಿಸಿದ್ದ ಹಳೆಯ ಚೌಕಟ್ಟಿನ ಹಲಗೆಗಳನ್ನು ನೋಡಿದ. ಮೂಲೆಯಲ್ಲಿ ಸುತ್ತಿಟ್ಟ ನೀಲಿ ಚೀಲವನ್ನು ನೋಡಿದ. ಮಂಚದ ಗುಂಡಿ ಒತ್ತಿ, ತಲೆಯ ಕಡೆ ಸ್ವಲ್ಪ ಎತ್ತರಿಸಿಕೊಂಡ.

"ಸೌನಾ ಡ್ರಮ್ಮು ಖಾಲಿ ಆಯ್ತಾ?"

"ಆಯ್ತು."

"ಎಷ್ಟು ಹೊತ್ತು ಹಿಡೀತು?"

"ಎರಡೂವರೆ ಗಂಟೆ."

"ದೊಡ್ಡ ಡ್ರಮ್ಮು," ಎಂದ ರೈನೊ.

ಅವಳು ನಕ್ಕಳು. ನಗುತ್ತ ನಗುತ್ತ ಕಣ್ಣೊರೆಸಿಕೊಂಡಳು. "ಹೇಳೋಕೆ ಬಾಯಿ ಬರಲಿಲ್ಲ ಕಣೋ. ದಿನಾ ಅದನ್ನೇ ಕೇಳ್ತಿದ್ದೆ ನೀನು."

"ನನಗೂ ಬಾಯಿ ಬರಲಿಲ್ಲ. ಹೋದ ವಾರವೇ ಅವರು ಹೇಳಿದ್ರು, ಆ ಹಾಸಿಗೆ ಆಗಲ್ಲ ಅಂತ. ನಿನಗೆ ಹೆಂಗಪ್ಪ ಹೇಳೋದು ಅಂತ ಸುಮ್ನಿದ್ದೆ. ನೀನು ಎಲ್ಲಿ ಮಲಗ್ತೀಯ ಈಗ?"

"ಸೋಫಾ ಇದೆಯಲ್ಲ. ಅದನ್ನ ಇಲ್ಲಿಗೇ ಎಳೆಸ್ತೀನಿ, ಆರ್ವಿಡ್ ಕೈಲಿ. ಇವತ್ತು ಅವನು ಏನು ಹೇಳಿದ್ರೂ ಮಾಡ್ತಾನೆ."

ಹೊರಗೆ ಬೆಳಕು ಇಳಿಯುತ್ತಿತ್ತು. ಬೇಲಿಯಾಚೆ ಆರ್ವಿಡ್‌ನ ಅಂಗಳದ ದೀಪ ಹತ್ತಿಕೊಂಡಿತು. ಸ್ವಲ್ಪ ಹೊತ್ತಿಗೆ, ಚಾಕುವನ್ನು ಉದ್ದಕ್ಕೂ ಮಸೆದ ಹಾಗೆ ಒಂದು ಸದ್ದು ಬಂತು, ಅದರ ಹಿಂದೆಯೇ ಹೆಣ್ಣುಮಕ್ಕಳ ಕಿಲಕಿಲ.

"ಏನದು?"

"ಆರ್ವಿಡ್‌ನ ಮೊಮ್ಮಕ್ಕಳು. ನಮ್ಮ ಹಾಸಿಗೆ ಮೇಲೆ ಜಾರ್ತಿದ್ದಾರೆ. ನೀರೆಲ್ಲ ಅಲ್ಲಿಗೇ ಹೋಗಿದ್ದು."

ರೈನೊ ಹುಬ್ಬು ಗಂಟು ಹಾಕಿದ. ಮೂವತ್ತೆಂಟು ವರ್ಷ ಆ ಹಾಸಿಗೆಯ ಹತ್ತಿರ ಬಂದ ಪ್ರತಿ ಮಗುವಿಗೂ ಅವನು ಗದರಿಸುತ್ತಿದ್ದುದು ಒಂದಕ್ಕೇ.

"ಬೂಟು ಹಾಕ್ಕೊಂಡಾ?" ಎಂದ.

"ಬೂಟು ಹಾಕ್ಕೊಂಡು. ಅದೂ ಕತ್ತಿ ಇರೋ ಬೂಟು."

ರೈನೊ ಕಣ್ಣು ಮುಚ್ಚಿ ಕೇಳುತ್ತ ಮಲಗಿದ. ಸದ್ದು ಅಂಗಳದ ಆ ತುದಿಗೆ ಹೋಗಿ ಈ ತುದಿಗೆ ಬರುತ್ತಿತ್ತು. ಲವೋನ್ ತನ್ನ ಕೈಯನ್ನು ಮಂಚದ ಮೇಲಿಟ್ಟಳು. ಏನೂ ಅಲ್ಲಾಡಲಿಲ್ಲ. ಕಾಫಿ ಇಡಬೇಕು ಎಂದುಕೊಂಡಳು. ಪಂಪನ್ನು ಒರೆಸಿ ಕಾಲುಚೀಲಕ್ಕೆ ಹಾಕಬೇಕು. ರೈನೊ ಆ ಕೈಯ ಮೇಲೆ ತನ್ನ ಕೈಯಿಟ್ಟ. ಅವಳು ಏಳಲಿಲ್ಲ.